ನೀರ್ ಸಾಬರು ಕಟ್ಟಿದ ಮಂಡಲ, ಪಕ್ಷ ತಂದ ವಿಪ್ಪು

ಅಲೆವೂರು ಗ್ರಾಮ ಪಂಚಾಯ್ತಿಯ ಮೆಂಬರು ಅಧ್ಯಕ್ಷರ ಚುನಾವಣೆಯಲ್ಲಿ ತನ್ನ ಮನಸ್ಸಿಗೆ ಸರಿ ಕಂಡವರಿಗೆ ವೋಟು ಹಾಕಬಹುದು. ಯಾವ ಪಕ್ಷದ ಪುಢಾರಿಯೂ ಅದಕ್ಕಾಗಿ ಅವರ ಕುರ್ಚಿ ಕಿತ್ತುಕೊಳ್ಳಲಾರ. ಆದರೆ ಅಲೆವೂರಿನಿಂದ ಬಸ್ಸು ಹತ್ತಿ ಉಡುಪಿಗೆ ಇಳಿದರೆ ಕತೆ ಬೇರೆ. ಪಕ್ಷದ ಚಿಹ್ನೆಯಲ್ಲಿ ಗೆದ್ದ ನಗರಸಭೆಯ ಮೆಂಬರು ಪಕ್ಷ ಹೇಳಿದ್ದು ಬಿಟ್ಟು ಬೇರೆ ಕಡೆ ವೋಟು ಹಾಕಿದರೆ ಸದಸ್ಯತನಕ್ಕೇ ಸಂಚಕಾರ. ಹಾಕದೆ ಸುಮ್ಮನೆ ಕೂತರೂ ಅಷ್ಟೇ. ಬೇಕಂತಲೇ ಮೀಟಿಂಗಿಗೆ ಬಾರದೆ ಮನೆಯಲ್ಲಿ ಉಳಿದರೂ ಅಷ್ಟೇ.

ಬಸ್ಸಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿಯೂ ಇಲ್ಲ. ಇಷ್ಟರೊಳಗೆ ಜನಪ್ರತಿನಿಧಿಯ ವೋಟಿಗೆ ಎರಡು ಕಾನೂನು ಯಾಕೆ ಬಂತು? ಇದರ ಬೇರು ಹುಡುಕಿಕೊಂಡು ಹೋದರೆ ಘಟ್ಟದ ಮೇಲಿನ ಗುಂಡ್ಲುಪೇಟೆಯ ಒಬ್ಬ ಸಾಬರ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ. ಅವರೇ ಅಬ್ದುಲ್ ನಜೀರ್ ಸಾಬ್. ಊರೂರ ಹೆಂಗಸರ ಬಾಯಲ್ಲಿ ನೀರ್ ಸಾಬ್.

ಗುಂಡ್ಲುಪೇಟೆ ಎಂದರೆ ಮೈಸೂರಿನಿಂದ ಊಟಿಗೆ ಹೋಗುವವರು ಬಸ್ಸಿಳಿದು ಕಾಫಿ ಕುಡಿಯುವ ಊರು. ಒಂದು ಕಡೆ ಕೇರಳದ ಗಡಿ, ಇನ್ನೊಂದು ಕಡೆ ತಮಿಳುನಾಡಿನ ಗಡಿ, ನಡುವೆ ಬಂಡೀಪುರದ ಕಾಡು. ಮಳೆ ಕಡಿಮೆ, ನೀರಿಗೆ ತತ್ವಾರ. ನಜೀರ್ ಸಾಬರ ಕಾಲಕ್ಕೆ ಅದು ಮೈಸೂರು ಜಿಲ್ಲೆ. ನಮ್ಮ ಉಡುಪಿ ದಕ್ಷಿಣ ಕನ್ನಡದಿಂದ ಬೇರೆಯಾದ 1997ರ ಆಗಸ್ಟ್ ತಿಂಗಳಲ್ಲೇ ಗುಂಡ್ಲುಪೇಟೆಯೂ ಮೈಸೂರನ್ನು ಬಿಟ್ಟು ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿತು. ಅಷ್ಟು ಹೊತ್ತಿಗೆ ನಜೀರ್ ಸಾಬರು ತೀರಿಕೊಂಡು ಒಂಬತ್ತು ವರ್ಷ ಆಗುತ್ತಾ ಬಂದಿತ್ತು.

ಆ ಊರಿನ ರಾಜಕೀಯ ಸುಲಭದ್ದಲ್ಲ. ಗುಂಡ್ಲುಪೇಟೆ ಅಂದರೆ ಕೆ.ಎಸ್. ನಾಗರತ್ನಮ್ಮನವರ ಕೋಟೆ. ಮತ್ತೆ ಮತ್ತೆ ಗೆದ್ದು, ರಾಜ್ಯ ವಿಧಾನಸಭೆಗೆ ಮೊದಲ ಮಹಿಳಾ ಸ್ಪೀಕರ್ ಆದವರು ಆಕೆ. ಅಂಥ ಊರಿನಿಂದ ಬಂದು, ಹಿಂದೆ ಜಾತಿಯ ಬಲವಿಲ್ಲದೆ, ಜಮೀನ್ದಾರಿಕೆಯ ಗತ್ತಿಲ್ಲದೆ ಜನತಾ ಪಕ್ಷದಲ್ಲಿ ಮೇಲೆ ಬಂದವರು ನಜೀರ್ ಸಾಬರು. 1983ರ ಜನವರಿಯಲ್ಲಿ ಸಿದ್ಧಾಪುರದ ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರ ಕಟ್ಟಿದರಲ್ಲ, ಆ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಾಬರ ಕೈಗೆ ಬಂತು.

ಆ ಖಾತೆ ಯಾರಿಗೆ ಬೇಕಿತ್ತು ಹೇಳಿ? ಪುಢಾರಿಗಳ ಕಣ್ಣೆಲ್ಲ ಕಂದಾಯ, ಅಬಕಾರಿ, ಲೋಕೋಪಯೋಗಿಯ ಮೇಲೆ. ಹಳ್ಳಿಯ ಬಾವಿ, ಪಂಚಾಯ್ತಿ ಕಟ್ಟೆ ಕಟ್ಟಿಕೊಂಡು ಎಂತ ಮಾಡುದು ಎನ್ನುವ ಲೆಕ್ಕಾಚಾರ. ಸಾಬರು ಮಾತ್ರ ಅದನ್ನೇ ಬಿಗಿಯಾಗಿ ಹಿಡಿದರು.

ಮೊದಲು ಹಿಡಿದದ್ದು ನೀರು. ಎಂಬತ್ತರ ದಶಕದ ನಡುವೆ ಬಯಲುಸೀಮೆಗೆ ಸಾಲು ಸಾಲು ಬರಗಾಲ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಕೊಡಪಾನ ಹೊತ್ತು ಮೈಲಿಗಟ್ಟಲೆ ನಡೆಯುವ ಹೆಂಗಸರು. ಲಾರಿಯ ಮೇಲೆ ಕೊರೆಯುವ ಯಂತ್ರ ಹತ್ತಿಸಿ ಹಳ್ಳಿಹಳ್ಳಿಗೆ ಬೋರ್‌ವೆಲ್ ತೋಡಿಸುವ ಕೆಲಸ ಜೋರಾಗಿ ನಡೆಯಿತು. 250 ಜನರಿಗೆ ಒಂದು ಕೈಪಂಪು ಎನ್ನುವುದು ಆಗ ದೇಶಕ್ಕೆಲ್ಲ ಇದ್ದ ಲೆಕ್ಕ. ಕಾಗದದ ಮೇಲಿದ್ದ ಆ ಲೆಕ್ಕವನ್ನು ನೆಲಕ್ಕಿಳಿಸಲು ಸಾಬರು ಅಧಿಕಾರಿಗಳ ಬೆನ್ನು ಹತ್ತಿದರು. ಇಂಡಿಯಾ ಮಾರ್ಕ್ ಟೂ ಎಂಬ ಆ ಕಬ್ಬಿಣದ ಪಂಪು ಈಗಿನ ನಡುವಯಸ್ಸಿನವರಿಗೆಲ್ಲ ಗೊತ್ತು. ಹಿಡಿಗೆ ಜೋತು ಬಿದ್ದು ಆಡದ ಮಕ್ಕಳಿರಲಿಲ್ಲ. ಪಂಪಿನಲ್ಲಿ ನೀರು ಬಂದ ಹಾಗೆ ಮಂತ್ರಿಯ ಹೆಸರು ಬದಲಾಯಿತು. ನಜೀರ್ ಹೋಗಿ ನೀರ್ ಆಯಿತು. ಮಂತ್ರಿಗಳಿಗೆ ಜನ ಇಡುವ ಅಡ್ಡಹೆಸರುಗಳಲ್ಲಿ ಹೀಗೆ ಪ್ರೀತಿಯಿಂದ ಇಟ್ಟದ್ದು ಎಷ್ಟಿರಬಹುದು?

ನಮ್ಮ ಕರಾವಳಿಯವರಿಗೆ ಈ ನೀರಿನ ಕತೆ ಅಷ್ಟಾಗಿ ನಾಟಲಿಲ್ಲ ಎನ್ನಬೇಕು. ಇಲ್ಲಿ ಮನೆಗೊಂದು ಬಾವಿ, ಆಟಿ ತಿಂಗಳಲ್ಲಿ ಕಟ್ಟೆಯವರೆಗೆ ನೀರು. ಆದರೆ ಕೆಂಪುಕಲ್ಲಿನ ಗುಡ್ಡೆಗಳ ಮೇಲೆ ಐದು ಸೆಂಟ್ಸು ಜಾಗದಲ್ಲಿ ಮನೆ ಕಟ್ಟಿಕೊಂಡವರನ್ನು ಏಪ್ರಿಲ್, ಮೇ ತಿಂಗಳಲ್ಲಿ ಕೇಳಿ ನೋಡಿ. ಸರಕಾರಿ ಬೋರ್‌ವೆಲ್ಲಿನ ಬೆಲೆ ಅವರಿಗೆ ಗೊತ್ತು.

ನೀರಿನಿಂದ ಸಾಬರಿಗೆ ಹೆಸರು ಬಂತು. ಆದರೆ ಅವರು ನಿಜವಾಗಿ ಕೈ ಹಾಕಿದ ದೊಡ್ಡ ಕೆಲಸ ಪಂಚಾಯ್ತಿಯದ್ದು.

ಅದಕ್ಕೆ ಮುಂಚೆ ಇದ್ದದ್ದು 1959ರ ಕಾನೂನು. ಊರಿಗೆ ಗ್ರಾಮ ಪಂಚಾಯ್ತಿ, ತಾಲೂಕಿಗೆ ತಾಲೂಕು ಬೋರ್ಡು. ಜಿಲ್ಲೆಯ ಮಟ್ಟದಲ್ಲಿ ಜನ ಆರಿಸಿದ ಆಡಳಿತವೇ ಇರಲಿಲ್ಲ. ಅಲ್ಲಿ ಡಿಸಿಯೇ ದೊರೆ. ಮದರಾಸು ಪ್ರಾಂತ್ಯದಲ್ಲಿದ್ದಾಗ ಸೌತ್ ಕೆನರಾ ಡಿಸ್ಟ್ರಿಕ್ಟ್ ಬೋರ್ಡನ್ನು ಕಂಡಿದ್ದ ನಮ್ಮ ಹಿರಿಯರಿಗೆ ಇದು ಹಿಂದಕ್ಕೆ ನಡೆದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಪಂಚಾಯ್ತಿಗೆ ಬೀದಿದೀಪ ಹಾಕಿಸುವಷ್ಟು ದುಡ್ಡಿಲ್ಲ. ಚುನಾವಣೆ ಯಾವಾಗ ಎಂಬುದು ಬೆಂಗಳೂರಿನಲ್ಲಿ ಕೂತವರ ಮರ್ಜಿ.

1977ರಲ್ಲಿ ದೆಹಲಿಯಲ್ಲಿ ಜನತಾ ಸರಕಾರ ಬಂದಾಗ ಅಶೋಕ್ ಮೆಹ್ತಾ ಸಮಿತಿ ಕೂತಿತು. ಮರುವರ್ಷ ವರದಿ ಕೊಟ್ಟಿತು. ಜಿಲ್ಲೆಗೊಂದು ಜಿಲ್ಲಾ ಪರಿಷತ್, ಕೆಲವು ಹಳ್ಳಿ ಸೇರಿಸಿ ಒಂದು ಮಂಡಲ ಪಂಚಾಯ್ತಿ. ಇವಕ್ಕೆ ಪಕ್ಷಗಳು ಬಹಿರಂಗವಾಗಿಯೇ ಸ್ಪರ್ಧಿಸಲಿ, ಕದ್ದುಮುಚ್ಚಿ ಬೇಡ ಎಂಬುದು ಆ ವರದಿಯ ಒಂದು ಮುಖ್ಯ ಮಾತು. ಕೇಂದ್ರದಲ್ಲಿ ಸರಕಾರ ಬಿತ್ತು, ವರದಿ ಧೂಳು ತಿಂದಿತು. ಅದನ್ನು ಕೊಡವಿ ಮೇಲೆತ್ತಿದವರಲ್ಲಿ ನಜೀರ್ ಸಾಬರು ಮುಖ್ಯರು. 1983ರಲ್ಲೇ ಮಸೂದೆ ತಂದರು. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. ಅಷ್ಟರಲ್ಲಿ ಹೆಗಡೆ ರಾಜೀನಾಮೆ ಕೊಟ್ಟು, ಮತ್ತೆ ಜನರ ಮುಂದೆ ಹೋಗಿ, ಸ್ವಂತ ಬಹುಮತದಲ್ಲಿ ಗೆದ್ದು ಬಂದಾಗಿತ್ತು.

ಕಾನೂನಿನ ಒಳಗೆ ಇದ್ದದ್ದೇನು? 8ರಿಂದ 12 ಸಾವಿರ ಜನಸಂಖ್ಯೆಗೆ ಒಂದು ಮಂಡಲ. ಅದಕ್ಕೆ ಒಬ್ಬ ಪ್ರಧಾನ, ಒಬ್ಬ ಉಪಪ್ರಧಾನ. ಹೆಂಗಸರಿಗೆ ನಾಲ್ಕರಲ್ಲಿ ಒಂದು ಸೀಟು. ಪರಿಶಿಷ್ಟರಿಗೆ ಕಡಿಮೆ ಎಂದರೂ ನೂರಕ್ಕೆ 18. ವಿಧಾನಸಭೆಗೆ, ಲೋಕಸಭೆಗೆ ವೋಟು ಹಾಕಲು 21 ತುಂಬಬೇಕಿದ್ದ ಕಾಲದಲ್ಲಿ ಇಲ್ಲಿ 18 ತುಂಬಿದರೆ ಸಾಕು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ, ಗೂಟದ ಕಾರು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಡಿಸಿಗಿಂತ ಹಿರಿಯ ಐಎಎಸ್ ಅಧಿಕಾರಿ. ಶಾಲೆ, ಆರೋಗ್ಯ ಕೇಂದ್ರ, ದನದ ಆಸ್ಪತ್ರೆ, ಕುಡಿಯುವ ನೀರು ಎಲ್ಲ ಪರಿಷತ್ತಿನ ಕೆಳಗೆ.

ಡಿಸಿಗಳ ಮುಖ ಸಣ್ಣದಾಯಿತು. ಶಾಸಕರ ಮುಖ ಇನ್ನೂ ಸಣ್ಣದಾಯಿತು. ವರ್ಗಾವಣೆಗೆ, ಬಾವಿಗೆ, ರಸ್ತೆಗೆ ತಮ್ಮ ಮನೆ ಜಗಲಿಯಲ್ಲಿ ಕಾಯುತ್ತಿದ್ದವರು ಇನ್ನು ಪರಿಷತ್ ಅಧ್ಯಕ್ಷರ ಹಿಂದೆ ಹೋಗುತ್ತಾರಲ್ಲ ಎಂಬ ಹೊಟ್ಟೆಉರಿ. ಸ್ವಂತ ಪಕ್ಷದವರೇ ಒಳಗೊಳಗೆ ಗೊಣಗಿದರು. ಹೆಗಡೆಯವರ ಬೆಂಬಲ ಇಲ್ಲದಿದ್ದರೆ ಸಾಬರ ಕಾನೂನು ಕಪಾಟಿನಲ್ಲೇ ಉಳಿಯುತ್ತಿತ್ತು.

1987ರ ಜನವರಿಯಲ್ಲಿ ಚುನಾವಣೆ. ಎರಡೂವರೆ ಸಾವಿರದಷ್ಟು ಮಂಡಲಗಳು. 55 ಸಾವಿರದಷ್ಟು ಸದಸ್ಯರು, ಅದರಲ್ಲಿ ಸುಮಾರು 14 ಸಾವಿರ ಹೆಂಗಸರು. ಜಿಲ್ಲಾ ಪರಿಷತ್ತುಗಳಿಗೆ ಒಂಬೈನೂರರ ಹತ್ತಿರ ಸದಸ್ಯರು. ಎಲ್ಲವೂ ಪಕ್ಷದ ಚಿಹ್ನೆಯ ಮೇಲೆ. ನಮ್ಮ ಜಿಲ್ಲೆಯಲ್ಲಿ ಭೂಮಸೂದೆ ಬಂದು ಹದಿಮೂರು ವರ್ಷ ಆಗಿತ್ತು. ಗೇಣಿ ಕೊಟ್ಟು ಕೊಟ್ಟು ಸೋತಿದ್ದವರು ಡಿಕ್ಲರೇಶನ್ ಹಾಕಿ ಭೂಮಿಯ ಒಡೆಯರಾಗಿದ್ದರು. ಈಗ ಅಂಥವರ ಮನೆಯವರಿಗೂ ಮಂಡಲದ ಕುರ್ಚಿಯ ದಾರಿ ತೆರೆಯಿತು. ಬೀಡಿ ಕಟ್ಟಿ ಸಂಸಾರ ಸಾಗಿಸುವ ಹೆಂಗಸೂ ಧನಿಗಳ ಎದುರು ಕುರ್ಚಿ ಹಾಕಿ ಕೂತು ಬಜೆಟ್ಟಿಗೆ ವೋಟು ಹಾಕಬಹುದು ಎಂದಾಯಿತು. ಸಣ್ಣ ಸಂಗತಿಯಾ ಅದು?

ಸಾಬರ ಲೆಕ್ಕಾಚಾರದ ತಿರುಳು ಇಲ್ಲೇ ಇದೆ. ಪಕ್ಷವಿಲ್ಲದ ಪಂಚಾಯ್ತಿ ಎಂದರೆ ಬಾಯಿಗೆ ಚಂದ, ಒಳಗೆ ಊರ ಗೌಡನ, ಪಟೇಲನ, ಗುತ್ತಿನವರ ಪಂಚಾಯ್ತಿ. ಹೆಸರಿಗೆ ಅವಿರೋಧ ಆಯ್ಕೆ, ನಿಜಕ್ಕೆ ಯಾರೂ ಎದುರು ನಿಲ್ಲಲು ಧೈರ್ಯ ಮಾಡಲಿಲ್ಲ ಅಷ್ಟೆ. ಪಕ್ಷ ಬಂದರೆ ಬಡವನ ಬೆನ್ನಿಗೊಂದು ಬಾವುಟ ಸಿಗುತ್ತದೆ, ಸೋತರೂ ಗೆದ್ದರೂ ಊರಿನಲ್ಲಿ ಒಂಟಿಯಾಗುವುದಿಲ್ಲ. ಈ ವಾದದಲ್ಲಿ ಹುರುಳಿತ್ತು.

ಆದರೆ ಪಕ್ಷ ಬರುವಾಗ ಬಾವುಟ ಮಾತ್ರ ತರುವುದಿಲ್ಲವಲ್ಲ. ಅದರ ಜಗಳವನ್ನೂ ತರುತ್ತದೆ, ಚೀಲದಲ್ಲಿ ದುಡ್ಡನ್ನೂ ತರುತ್ತದೆ.

ಪಕ್ಷಾಂತರದ ಚಾಳಿ ದೇಶಕ್ಕೆ ಹೊಸದಲ್ಲ. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕ ಮೇಲಿಂದ ಮೇಲೆ ಪಕ್ಷ ಬದಲಿಸಿ ಆಯಾರಾಮ್ ಗಯಾರಾಮ್ ಎಂಬ ಮಾತಿಗೇ ಕಾರಣನಾದ. ನಮ್ಮಲ್ಲೂ 1971ರಲ್ಲಿ ಶಾಸಕರು ಇಂದಿರಾ ಕಾಂಗ್ರೆಸ್ಸಿನ ಕಡೆ ಹೊರಳಿ ವೀರೇಂದ್ರ ಪಾಟೀಲರ ಸರಕಾರ ಉರುಳಿತು. ಕೊನೆಗೆ ರಾಜೀವ್ ಗಾಂಧಿಯವರ ಕಾಲದಲ್ಲಿ, 1985ರಲ್ಲಿ, ಸಂವಿಧಾನಕ್ಕೆ 52ನೆಯ ತಿದ್ದುಪಡಿ ಬಂದು ಹತ್ತನೆಯ ಷೆಡ್ಯೂಲು ಸೇರಿತು. ಎಂಪಿ, ಎಂಎಲ್ಎ ಪಕ್ಷ ಬಿಟ್ಟರೆ ಅಥವಾ ವಿಪ್ ಮುರಿದರೆ ಸದಸ್ಯತ್ವ ಹೋಯಿತು. ಆದರೆ ಅದು ಶಾಸನಸಭೆಗಳಿಗೆ ಮಾತ್ರ. ಪಂಚಾಯ್ತಿ, ಮುನಿಸಿಪಾಲಿಟಿ ಅದರೊಳಗೆ ಬರುವುದಿಲ್ಲ.

ಈಗ ಕರ್ನಾಟಕದ ಪರಿಸ್ಥಿತಿ ಯೋಚಿಸಿ. ಒಂದೇ ಏಟಿಗೆ 55 ಸಾವಿರ ಮೆಂಬರುಗಳು. ಒಂದೊಂದು ಮಂಡಲದಲ್ಲಿ ಇಪ್ಪತ್ತು ಚಿಲ್ಲರೆ ತಲೆ. ಹನ್ನೊಂದು ಹತ್ತು ಎಂದು ಪಕ್ಷಗಳು ನಿಂತರೆ ಒಬ್ಬ ಮೆಂಬರು ಮಗ್ಗುಲು ಬದಲಿಸಿದರೆ ಪ್ರಧಾನನ ಕುರ್ಚಿ ಮಗುಚಿತು. ಶಾಸಕನನ್ನು ಕೊಳ್ಳಲು ಲಕ್ಷ ಬೇಕು. ಮಂಡಲ ಮೆಂಬರಿಗೆ ಅಷ್ಟೆಲ್ಲ ಬೇಕಿಲ್ಲ, ಸೊಸೈಟಿ ಸಾಲದ ಒಂದು ಕಂತು ಕಟ್ಟಿಕೊಟ್ಟರೂ ಸಾಕು ಎನ್ನುವ ಭಯ. ಮಹಾರಾಷ್ಟ್ರ 1986ರಲ್ಲಿಯೇ ಸ್ಥಳೀಯ ಸಂಸ್ಥೆಗಳ ಸದಸ್ಯರಿಗೆ ಇಂಥ ಕಾನೂನು ಮಾಡಿತ್ತು. ಕರ್ನಾಟಕವೂ 1987ರಲ್ಲಿ, ಮಂಡಲಗಳು ಹುಟ್ಟಿದ ವರ್ಷದಲ್ಲೇ, ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಅಧಿನಿಯಮ ಮಾಡಿತು. ಕಾರ್ಪೊರೇಶನ್ನು, ಮುನಿಸಿಪಾಲಿಟಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಎಲ್ಲ ಅದರ ಬಲೆಗೆ. ನಜೀರ್ ಸಾಬರು ಮಂತ್ರಿಯಾಗಿದ್ದ ಸರಕಾರವೇ ಅದು.

ಕಾನೂನು ಕೆಲಸ ಮಾಡುವ ಬಗೆ ಹೀಗೆ. ಪಕ್ಷದಿಂದ ಗೆದ್ದವನು ತಾನಾಗಿ ಪಕ್ಷ ಬಿಟ್ಟರೆ ಸದಸ್ಯತ್ವ ಹೋಯಿತು. ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವುದಾದರೂ ಪಕ್ಷಕ್ಕೆ ಸೇರಿದರೂ ಹೋಯಿತು. ಮೂರನೆಯದು ವಿಪ್ಪು. ಪಕ್ಷ ಅಥವಾ ಪಕ್ಷ ಅಧಿಕಾರ ಕೊಟ್ಟ ಒಬ್ಬ ಮನುಷ್ಯ ಕೊಟ್ಟ ಸೂಚನೆಗೆ ವಿರುದ್ಧವಾಗಿ, ಮೊದಲೇ ಅನುಮತಿ ಪಡೆಯದೆ ವೋಟು ಹಾಕಿದರೆ ಹೋಯಿತು. ಆದರೆ ಹದಿನೈದು ದಿನದೊಳಗೆ ಪಕ್ಷ ಮನ್ನಿಸಿದರೆ ಬಚಾವು.

ಈ ಮನ್ನಿಸುವ ಮಾತನ್ನು ಸ್ವಲ್ಪ ನಿಂತು ನೋಡಬೇಕು ಮಾರಾಯ್ರೆ. ಇಬ್ಬರು ಮೆಂಬರುಗಳು ಒಂದೇ ಮೀಟಿಂಗಿನಲ್ಲಿ ಒಂದೇ ರೀತಿ ಪಕ್ಷದ ಮಾತು ಮುರಿದರು ಅಂತಿಟ್ಟುಕೊಳ್ಳಿ. ಒಬ್ಬ ಪಕ್ಷದ ಯಜಮಾನನಿಗೆ ಬೇಕಾದವ, ಮನ್ನಣೆ ಸಿಕ್ಕಿತು, ಕುರ್ಚಿ ಉಳಿಯಿತು. ಇನ್ನೊಬ್ಬ ಬೇಡದವ, ದೂರು ಹೋಯಿತು, ಕುರ್ಚಿ ಹೋಯಿತು. ಮಾಡಿದ್ದು ಒಂದೇ ಕೆಲಸ. ಕಳ್ಳತನವಾದರೆ ಯಾರು ಮಾಡಿದರೂ ಕಳ್ಳತನ. ಇದು ಅಪರಾಧವೋ ಅಲ್ಲವೋ ಎಂಬುದು ಪಾರ್ಟಿ ಆಫೀಸಿನಲ್ಲಿ ನಿರ್ಧಾರವಾಗುತ್ತದೆ. ಕಾನೂನು ಮಾಡಿದವರ ಭಯ ಸುಳ್ಳಲ್ಲ, ಮೆಂಬರುಗಳನ್ನು ಕೊಳ್ಳುವವರು ಇದ್ದೇ ಇದ್ದರು. ಆದರೆ ಈ ಕಾನೂನು ಕೊಂಡವನನ್ನು ಹಿಡಿಯುವುದಿಲ್ಲ, ದುಡ್ಡು ಕೊಟ್ಟಿದ್ದೂ ತೆಗೆದುಕೊಂಡಿದ್ದೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಅದು ನೋಡುವುದು ವೋಟನ್ನು ಮಾತ್ರ. ನಯಾಪೈಸೆ ಮುಟ್ಟದೆ, ತನ್ನ ವಾರ್ಡಿನ ಜನ ಹೇಳಿದರು ಅಂತ ಬೇರೆ ಕಡೆ ವೋಟು ಹಾಕಿದ ಮೆಂಬರಿಗೂ ಅದೇ ಶಿಕ್ಷೆ.

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮುನಿಸಿಪಾಲಿಟಿ ಕಾಂಪ್ಲೆಕ್ಸಿನ ಬಾಡಿಗೆ, ಸಂತೆಯ ಸುಂಕ, ಟ್ರೇಡ್ ಲೈಸೆನ್ಸಿನ ಫೀಸು, ಆಸ್ತಿ ತೆರಿಗೆ ಇವೆಲ್ಲ ಕೌನ್ಸಿಲಿನ ಮುಂದೆ ಬರುವ ವಿಷಯಗಳು. ವಾರ್ಡಿನ ಮೆಂಬರು ಅಂಗಡಿಗೆ ಬಂದಾಗ ಬಾಡಿಗೆ ಏರಿಸುವುದಕ್ಕೆ ತನ್ನ ವಿರೋಧ ಇದೆ ಅಂತ ಧೈರ್ಯ ಹೇಳಿ ಹೋಗಬಹುದು. ಮೀಟಿಂಗಿನ ದಿನ ಪಕ್ಷದ ಸೂಚನೆ ಕೈಗೆ ಬಂದರೆ ಆ ಧೈರ್ಯ ಎಲ್ಲಿರುತ್ತದೆ? ಚರಂಡಿಗೆ ಪಕ್ಷ ಇಲ್ಲ, ಬೀದಿದೀಪಕ್ಕೆ ಸಿದ್ಧಾಂತ ಇಲ್ಲ. ಆದರೂ ಅವುಗಳ ಮೇಲಿನ ವೋಟಿಗೆ ಪಕ್ಷದ ಬೀಗ ಬೀಳಬಹುದು.

ಶಾಸಕರ ವಿಷಯದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಒಂದು ಗೆರೆ ಎಳೆಯಿತು. ಸರಕಾರ ಉಳಿಯುವ ಬೀಳುವ ವೋಟು, ಪಕ್ಷ ಜನರ ಮುಂದಿಟ್ಟು ಗೆದ್ದ ಮುಖ್ಯ ಕಾರ್ಯಕ್ರಮ, ಇಂಥವಕ್ಕೆ ಮಾತ್ರ ಸದಸ್ಯತ್ವ ಕಳೆಯುವ ವಿಪ್ಪು ಹೊಂದುತ್ತದೆ ಎಂಬ ಅರ್ಥದಲ್ಲಿ. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಯ ಕಾನೂನಿನ ಒಂದು ಕೇಸಿನಲ್ಲಿ 2000ದಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಸೇರಿಸಿತು. ಜನ ಆರಿಸಿದವನನ್ನು ಮನೆಗೆ ಕಳಿಸುವ ಕಾನೂನಾದ್ದರಿಂದ ಅದನ್ನು ಅಕ್ಷರ ಅಕ್ಷರ ಬಿಗಿಯಾಗಿ ಓದಬೇಕು, ಸಡಿಲ ಮಾಡಬಾರದು ಎಂದು. ಪಕ್ಷದ ಲೆಟರ್‌ಹೆಡ್ಡಿನಲ್ಲಿ ಏನೋ ಗೀಚಿ ಬಾಗಿಲಿಗೆ ಅಂಟಿಸಿ ಹೋದರೆ ಅದು ವಿಪ್ಪಾಗುತ್ತದಾ, ಮೆಂಬರಿನ ಕೈಗೆ ತಲುಪಿತ್ತಾ, ಸಹಿ ಹಾಕಿದವನಿಗೆ ಪಕ್ಷ ಅಧಿಕಾರ ಕೊಟ್ಟಿತ್ತಾ ಎಂಬ ತಕರಾರು ಇಂಥ ಕೇಸುಗಳಲ್ಲಿ ಏಳುವುದು ಅದಕ್ಕೇ. ವಕೀಲರಿಗೆ ಕೆಲಸ. ಕೇಸು ಮುಗಿಯುವ ಹೊತ್ತಿಗೆ ಅಧ್ಯಕ್ಷರ ಅವಧಿಯೇ ಮುಗಿದಿರಲೂ ಸಾಕು.

ಇತ್ತ ಮಂಡಲಗಳು ನಡೆಯತೊಡಗಿದವು. ಮೇಷ್ಟ್ರು ಶಾಲೆಗೆ ಬಂದನೋ ಇಲ್ಲವೋ, ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳುವವರು ಊರಲ್ಲೇ ಹುಟ್ಟಿಕೊಂಡರು. ಬೆಂಗಳೂರಿಗೆ ಅರ್ಜಿ ಬರೆದು ಕಾಯುವ ಕಷ್ಟ ಸ್ವಲ್ಪ ತಪ್ಪಿತು. ದೇಶದ ಬೇರೆ ಕಡೆಯಿಂದ ಜನ ಕರ್ನಾಟಕದ ಪ್ರಯೋಗ ನೋಡಲು ಬಂದರು. ದೂರು ಇರಲಿಲ್ಲವೆಂದಲ್ಲ. ಪ್ರಧಾನನ ದರ್ಬಾರು, ಹೆಂಡತಿಯ ಹೆಸರಲ್ಲಿ ಗಂಡನ ಕಾರುಬಾರು, ಕಂತ್ರಾಟಿನ ಜಗಳ ಎಲ್ಲ ಇತ್ತು. ಕಾನೂನಿನಲ್ಲಿ ಬರೆದಿದ್ದ ನ್ಯಾಯ ಪಂಚಾಯ್ತಿಗಳು ಹುಟ್ಟಲೇ ಇಲ್ಲ. ತಾಲೂಕು ಸಮಿತಿಯಲ್ಲಿ ಶಾಸಕರು ಮತ್ತೆ ಅಧ್ಯಕ್ಷರಾಗಿ ಕೂತರು.

ಸಾಬರು ತಮ್ಮ ಮಂಡಲಗಳು ಎರಡು ವರ್ಷ ತುಂಬುವುದನ್ನೂ ನೋಡಲಿಲ್ಲ. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಹೆಗಡೆ ಕುರ್ಚಿ ಬಿಟ್ಟರು, ಎಸ್.ಆರ್. ಬೊಮ್ಮಾಯಿ ಬಂದರು. ಅಕ್ಟೋಬರಿನಲ್ಲಿ ನಜೀರ್ ಸಾಬರು ತೀರಿಕೊಂಡರು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಆಮೇಲೆ ಅವರ ಹೆಸರಿಟ್ಟರು. ರಾಜ್ಯದ ಪಂಚಾಯ್ತಿ ಮೆಂಬರುಗಳ ತರಬೇತಿಯ ಉಸ್ತುವಾರಿ ಆ ಸಂಸ್ಥೆಯದ್ದೇ. ಹೊಸದಾಗಿ ಗೆದ್ದ ಮೆಂಬರಿಗೆ ಸಾಬರ ಹೆಸರು ಮೊದಲು ಕಾಣುವುದು ಬಹುಶಃ ತರಬೇತಿಯ ಪುಸ್ತಕದ ರಟ್ಟಿನ ಮೇಲೆ.

ಅವರು ಹೋದ ಆರು ತಿಂಗಳಿಗೆ ಬೆಂಗಳೂರಿನಲ್ಲಿ ದೊಡ್ಡ ನಾಟಕ. ಹತ್ತೊಂಬತ್ತು ಶಾಸಕರು ಬೊಮ್ಮಾಯಿ ಸರಕಾರಕ್ಕೆ ಬೆಂಬಲ ಇಲ್ಲವೆಂದ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಮಂದಿ ಆಮೇಲೆ ತಿರುಗಿ ಹೇಳಿದರು. 1989ರ ಏಪ್ರಿಲ್ 21ರಂದು ಸರಕಾರ ವಜಾ. ಶಾಸಕರಿಗೆ ಪಕ್ಷಾಂತರದ ಕಾನೂನು ಬಂದು ಆಗ ನಾಲ್ಕು ವರ್ಷ. ಸದನದಲ್ಲಿ ವೋಟಿಗೆ ಬಿಡದೆ ಹೀಗೆ ವಜಾ ಮಾಡಿದ್ದು ತಪ್ಪೆಂದು ಸುಪ್ರೀಂ ಕೋರ್ಟು ಹೇಳುವಷ್ಟರಲ್ಲಿ 1994 ಬಂದಿತ್ತು.

ಮಂಡಲಗಳ ಗತಿ? 1989ರಲ್ಲಿ ರಾಜೀವ್ ಗಾಂಧಿಯವರು ತಂದ 64ನೆಯ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಬಿತ್ತು. ರಾಜ್ಯದಲ್ಲಿ ಕಾಂಗ್ರೆಸ್ಸು ಮರಳಿತು. 1992ರಲ್ಲಿ ಅವಧಿ ಮುಗಿದಾಗ ಹೊಸ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನು ತಂದು ಕೂರಿಸಿದರು. ಡಿಸಿ ಕಚೇರಿಯ ಕಡೆ ಮತ್ತೆ ಕ್ಯೂ ಶುರುವಾಯಿತು. 1993ರಲ್ಲಿ 73ನೆಯ ತಿದ್ದುಪಡಿ ಬಂತು, ಅದರ ಬೆನ್ನಿಗೆ ರಾಜ್ಯದ ಹೊಸ ಪಂಚಾಯತ್ ರಾಜ್ ಕಾನೂನು. ಮಂಡಲ ಹೋಗಿ ಗ್ರಾಮ ಪಂಚಾಯ್ತಿ, ಪ್ರಧಾನ ಹೋಗಿ ಅಧ್ಯಕ್ಷ, ಜಿಲ್ಲಾ ಪರಿಷತ್ತು ಹೋಗಿ ಜಿಲ್ಲಾ ಪಂಚಾಯತ್.

ಈ ಹೊಸ ಕಾನೂನಿನಲ್ಲೇ ಅಲೆವೂರಿನ ಮೆಂಬರಿನ ವೋಟು ಬಿಡುಗಡೆಯಾದದ್ದು. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆ ಬೇಡವೆಂದು ತೀರ್ಮಾನ ಮಾಡಿದರು. ಪಕ್ಷವೇ ಇಲ್ಲದ ಮೇಲೆ ಪಕ್ಷಾಂತರ ಎಲ್ಲಿಂದ ಬಂತು? ಪಕ್ಷಾಂತರದ ಕಾನೂನಿನಿಂದ ಮಂಡಲದ ಹೆಸರು ಹೋಯಿತು, ಆ ಜಾಗಕ್ಕೆ ತಾಲೂಕು ಪಂಚಾಯತ್ ಬಂತು. ಹೀಗೆ ಸಾಬರು ಹಳ್ಳಿಗೆ ತಂದ ಪಕ್ಷದ ಬಾವುಟ ಹಳ್ಳಿಯಿಂದ ವಾಪಸು ಹೋಯಿತು, ಕನಿಷ್ಠ ಬ್ಯಾಲೆಟ್ ಪೇಪರಿನಿಂದ. ಅಟೋರಿಕ್ಷಾ, ಟಿವಿ, ತೆಂಗಿನಕಾಯಿ ಚಿಹ್ನೆಯ ಹಿಂದೆ ಯಾವ ಪಕ್ಷ ನಿಂತಿದೆ ಎಂದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿರುತ್ತದೆ ಬಿಡಿ. ಫಲಿತಾಂಶದ ದಿನ ಎಲ್ಲ ಪಕ್ಷಗಳೂ ತಮ್ಮ ಬೆಂಬಲಿತರ ಲೆಕ್ಕ ಪೇಪರಿಗೆ ಕೊಡುತ್ತವೆ. ಆದರೆ ಬೆಂಬಲಿತನಿಗೆ ವಿಪ್ಪು ಕೊಡಲು ಬರುವುದಿಲ್ಲ. ಅಧ್ಯಕ್ಷರ ಚುನಾವಣೆಯ ದಿನ ಬೆಂಬಲಿತರು ಉಲ್ಟಾ ಹೊಡೆದರೆ ಪಕ್ಷದವರು ಬೈದುಕೊಂಡು ಮನೆಗೆ ಹೋಗಬೇಕು ಅಷ್ಟೆ.

ಇದರಿಂದ ಒಳ್ಳೆಯದಾಯಿತಾ ಕೆಟ್ಟದಾಯಿತಾ ಎಂದು ಕೇಳಿದರೆ ಎರಡೂ ಹೇಳಬೇಕಾಗುತ್ತದೆ. ಮೆಂಬರಿಗೆ ಸ್ವಾತಂತ್ರ್ಯ ಇದೆ. ಆ ಸ್ವಾತಂತ್ರ್ಯವನ್ನು ಚುನಾವಣೆಗೆ ನಾಲ್ಕು ದಿನ ಮುಂಚೆ ಟೆಂಪೋ ಟ್ರಾವೆಲರಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ಯುವವರೂ ಇದ್ದಾರೆ. ವಿಪ್ಪಿನ ಹೆದರಿಕೆ ಇಲ್ಲದ ಕಡೆ ಮೆಂಬರನ್ನು ಕಾಯಲು ರೆಸಾರ್ಟು ಬೇಕಾಗುತ್ತದೆ. ಕಾನೂನು ಇರುವ ಕಡೆಯೂ ರೆಸಾರ್ಟು ನಿಂತಿಲ್ಲ ಎಂಬುದನ್ನು ಶಾಸಕರೇ ತೋರಿಸಿಕೊಟ್ಟಿದ್ದಾರೆ.

ತಲಪಾಡಿ ದಾಟಿದರೆ ಮತ್ತೊಂದು ಲೋಕ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ನಮ್ಮ ಕನ್ನಡಿಗರು ವೋಟು ಹಾಕುವ ಕೇರಳದ ಗ್ರಾಮ ಪಂಚಾಯ್ತಿಗಳಲ್ಲಿ ಪಕ್ಷದ ಚಿಹ್ನೆಯೇ ನಡೆಯುತ್ತದೆ. ಕೇರಳ 1999ರಲ್ಲಿ ತನ್ನದೇ ಪಕ್ಷಾಂತರ ಕಾನೂನು ಮಾಡಿತು. ಅಲ್ಲಿ ಸಿಕ್ಕಿಬಿದ್ದವನಿಗೆ ಸದಸ್ಯತನ ಹೋಗುವುದು ಮಾತ್ರವಲ್ಲ, ಆರು ವರ್ಷ ಚುನಾವಣೆಗೆ ನಿಲ್ಲುವ ಹಾಗಿಲ್ಲ. ಉಪ್ಪಳದ ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಅಲೆವೂರಿನಲ್ಲಿ ಅಂಗಡಿ ಇಟ್ಟವರಿಗೂ ಮಾತು ಒಂದೇ, ವ್ಯಾಪಾರ ಒಂದೇ. ಪಂಚಾಯ್ತಿ ಮೆಂಬರು ಮಾತ್ರ ಎರಡು ಜಾತಿ.

ನಜೀರ್ ಸಾಬರು ಕಟ್ಟಿದ್ದು ಇದಕ್ಕಾಗಿಯಾ? ಕೆಳಗಿನವನ ಕೈಗೆ ಅಧಿಕಾರ ಬರಲಿ ಎಂದು ಶಾಸಕರನ್ನೂ ಡಿಸಿಗಳನ್ನೂ ಎದುರು ಹಾಕಿಕೊಂಡ ಮನುಷ್ಯ. ಅವರ ಸರಕಾರವೇ ಅದೇ ವರ್ಷ ಆ ಕೆಳಗಿನವನ ವೋಟಿನ ಕೀಲಿಯನ್ನು ಪಕ್ಷದ ಕೈಗೆ ಕೊಟ್ಟಿತು. ಪಕ್ಷದ ಮೇಲೆ ಸಾಬರಿಗೆ ನಂಬಿಕೆ ಇತ್ತು. ಜನತಾ ಪಕ್ಷ ತುಂಡು ತುಂಡಾದದ್ದನ್ನು ನೋಡಲು ಅವರು ಉಳಿದಿದ್ದರೆ ಆ ನಂಬಿಕೆ ಎಷ್ಟು ಉಳಿಯುತ್ತಿತ್ತೋ. ಅವರನ್ನು ದೂರುವುದಕ್ಕೂ ಮನಸ್ಸು ಬರುವುದಿಲ್ಲ. ಅವರು ಮಾಡದೆ ಇದ್ದಿದ್ದರೆ ವೋಟಿನ ಬಗ್ಗೆ ಜಗಳ ಮಾಡಲು ಮೆಂಬರಾದರೂ ಎಲ್ಲಿರುತ್ತಿದ್ದ?

ಅಲೆವೂರಿನವರು ಮಣಿಪಾಲಕ್ಕೆ ಹೋದರೆ ರಜತಾದ್ರಿ ಕಾಣುತ್ತದೆ. ಜಿಲ್ಲಾ ಪಂಚಾಯತ್ ಕಚೇರಿ ಇರುವುದು ಆ ಸಂಕೀರ್ಣದಲ್ಲೇ. 2016ರಲ್ಲಿ ಪಕ್ಷದ ಚಿಹ್ನೆಯಲ್ಲಿ ಗೆದ್ದು ಬಂದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ತಕರಾರಿನಲ್ಲಿ ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ತಾಲೂಕು ಪಂಚಾಯತ್‌ಗಳದ್ದೂ ಅದೇ ಪಾಡು. 1992ರ ಹಾಗೆಯೇ ಆಡಳಿತಾಧಿಕಾರಿಗಳು ಬಂದು ಕೂತರು. ಸದಸ್ಯ ಹೇಗೆ ವೋಟು ಹಾಕಬೇಕು, ಹಾಕದಿದ್ದರೆ ಏನು ಶಿಕ್ಷೆ ಎಂಬ ಕಾನೂನು ಪುಸ್ತಕದಲ್ಲಿ ಹಾಗೇ ಇತ್ತು. ಸದಸ್ಯರ ಕುರ್ಚಿಗಳಲ್ಲಿ ಮಾತ್ರ ಯಾರೂ ಇರಲಿಲ್ಲ.